ಕುಮುದಾ ಮೇಡಂ ಓದಿದ ಹಳೆಯ ಇಂಗ್ಲಿಷ್

ಕುಮುದಾ ತುಮಕೂರಿನ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಕಾಲದಲ್ಲಿ ಅವಳ ತರಗತಿಯಲ್ಲಿ ಪೆನ್ನು ಓಡುವ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಅವಳು ನೋಟ್ಸ್ ಹೇಳುತ್ತಿದ್ದಳು, ಹುಡುಗರು ಬರೆದುಕೊಳ್ಳುತ್ತಿದ್ದರು. ಇಂಗ್ಲಿಷ್ ಭಾಷೆಯ ಮೊದಲ ಕಾಲದ ಚರಿತ್ರೆ ಎಂಬ ಪೇಪರು ಬೇರೆ ಯಾರಿಗೂ ಬೇಡವಾಗಿ ಇವಳ ಕೊರಳಿಗೆ ಬಿದ್ದಿತ್ತು. ಆಂಗಲ್ಲರು, ಸ್ಯಾಕ್ಸನ್ನರು, ಜೂಟರು ಕಡಲು ದಾಟಿ ಇಂಗ್ಲೆಂಡಿಗೆ ಬಂದರು, ಫುಲ್‌ಸ್ಟಾಪ್. ಅವರು ಆಡಿದ ಮಾತೇ ಹಳೆಯ ಇಂಗ್ಲಿಷ್, ಫುಲ್‌ಸ್ಟಾಪ್. ಅದರ ಪದ್ಯದಲ್ಲಿ ಪ್ರಾಸ ಸಾಲಿನ ಕೊನೆಗಿಲ್ಲ, ಪದಗಳ ಮೊದಲ ಸದ್ದಿನಲ್ಲಿದೆ, ಅಂಡರ್‌ಲೈನ್ ಮಾಡಿಕೊಳ್ಳಿ. ಈ ನೋಟ್ಸನ್ನು ಅವಳಿಗೆ ಅವಳ ಮೇಷ್ಟ್ರು ಹೇಳಿ ಬರೆಸಿದ್ದರು. ಅವರಿಗೆ ಅವರ ಮೇಷ್ಟ್ರು ಬರೆಸಿದ್ದರು. ಆ ಸರಪಳಿಯಲ್ಲಿ ಒಬ್ಬರಾದರೂ ಹಳೆಯ ಇಂಗ್ಲಿಷಿನ ಒಂದು ಸಾಲನ್ನು ಬಾಯಿಬಿಟ್ಟು ಓದಿದ್ದರೋ ಇಲ್ಲವೋ ದೇವರೇ ಬಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುತ್ತಿರಲಿಲ್ಲ, ಹಾಗಾಗಿ ಯಾರೂ ಓದುತ್ತಲೂ ಇರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಸ್ಟಾಫ್‌ರೂಮಿನ ಹಿರಿಯ ಮೇಡಂ ಊರ್ಮಿಳಾ ಅವಳಿಗೊಂದು ಉಪದೇಶ ಮಾಡಿದ್ದರು. "ನೋಡಮ್ಮ, ಕ್ಲಾಸಲ್ಲಿ ಗೊತ್ತಿಲ್ಲ ಅಂತ ಮಾತ್ರ ಬಾಯಿ ಬಿಡ್ಬೇಡ. ಒಂದ್ಸಲ ಅಂದ್ಯೋ, ನಾಳೆಯಿಂದ ಹುಡುಗ್ರು ತಲೆ ಮೇಲೆ ಕೂತ್ಕೋತಾರೆ. ಔಟ್ ಆಫ್ ಸಿಲಬಸ್ ಅನ್ನು, ಮುಗೀತು." ಕುಮುದಾ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಲ್ಲಿದ್ದಷ್ಟು ವರ್ಷವೂ ಗಂಟು ಬಿಚ್ಚಲಿಲ್ಲ.

ಆಮೇಲೆ ಗಂಡ ರಘುನಾಥನಿಗೆ ಸ್ಟಾಕ್‌ಹೋಮಿನಲ್ಲಿ ಟೆಲಿಕಾಂ ಕೆಲಸ ಸಿಕ್ಕಿ, ಮಗಳು ಅಹನಾಳ ಕೈಹಿಡಿದು ಆ ನಗರದ ಪಕ್ಕದ ಸೊಲ್ಲೆಂಟುನಾಕ್ಕೆ ಬಂದದ್ದಾಯಿತು. ಮಗಳು ಎರಡೇ ಚಳಿಗಾಲದಲ್ಲಿ ಸ್ವೀಡಿಷ್ ಹುಡುಗಿಯಾದಳು. ಗಂಡ ಬೆಳಗಾದರೆ ಕಿಸ್ತಾದ ಆಫೀಸಿಗೆ ಬಸ್ಸು ಹತ್ತುತ್ತಿದ್ದ. ಕುಮುದಾ ಮಾತ್ರ ಕೊಮ್ಮ್ಯೂನ್, ಅಂದರೆ ಅಲ್ಲಿಯ ಪುರಸಭೆ, ನಡೆಸುವ ಸ್ವೀಡಿಷ್ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಇದು ಕುರ್ಚಿ, ಅದು ಮೇಜು ಎಂದು ಕಲಿಯುತ್ತಿದ್ದಳು. ಮೇಡಂ ಎಂದು ಕರೆಯುವವರು ಒಬ್ಬರೂ ಇರಲಿಲ್ಲ. ಕನ್ನಡಿಗರ ಯುಗಾದಿ ಊಟದಲ್ಲಿ ಯಾರಾದರೂ "ನೀವೇನ್ ಮಾಡ್ಕೊಂಡಿದೀರ?" ಎಂದು ಕೇಳಿದರೆ ಹೋಳಿಗೆ ಬಡಿಸುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ನಾನು ಯಾರಾಗಿದ್ದೆ, ಏನಾಗಿ ಹೋದೆ ಎಂದು ಅವಳಿಗೆ ಒಳಗೊಳಗೇ ಅಳು.

ಹಾಗಿರುವಾಗ ಲೈಬ್ರರಿಯ ಗೋಡೆಯ ಮೇಲೊಂದು ಚೀಟಿ ಕಂಡಿತು. ಹಳೆಯ ಇಂಗ್ಲಿಷ್ ಮತ್ತು ನಮ್ಮ ಊರಿನ ರೂನ್ ಕಲ್ಲುಗಳು, ಸ್ಟಡಿ ಸರ್ಕಲ್, ಎಲ್ಲರಿಗೂ ಸ್ವಾಗತ. ರೂನ್ ಎಂದರೆ ವೈಕಿಂಗರ ಕಾಲದವರು ಕಲ್ಲಿನ ಮೇಲೆ ಕೊರೆಯುತ್ತಿದ್ದ ಅಕ್ಷರ. ಸ್ಟಡಿ ಸರ್ಕಲ್ ಎಂದರೆ ಈ ದೇಶದವರ ಒಂದು ವಿಚಿತ್ರ ಅಭ್ಯಾಸ. ಗುರುವಿಲ್ಲ, ಪರೀಕ್ಷೆಯಿಲ್ಲ, ಸರ್ಟಿಫಿಕೇಟೂ ಇಲ್ಲ. ರಿಟೈರಾದವರು, ನರ್ಸುಗಳು, ಬಸ್ ಓಡಿಸುವವರು ಒಂದು ಮೇಜಿನ ಸುತ್ತ ಕುಳಿತು, ಕಾಫಿ ಕುಡಿದು, ತಮಗೆ ಗೊತ್ತಿಲ್ಲದ್ದನ್ನು ಒಟ್ಟಿಗೆ ಕಲಿಯುತ್ತಾರೆ. ಅಲ್ಲಿ "ನನಗೆ ಗೊತ್ತಿಲ್ಲ" ಎಂಬುದೇ ಟಿಕೆಟ್ಟು.

ಅದನ್ನು ಕರೆದವರು ಬೆಂಗ್ಟ್ ಎಂಬ ಎಂಬತ್ತರ ಆಸುಪಾಸಿನ ಮುದುಕರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅಷ್ಟು ದೊಡ್ಡವರನ್ನು ಬರೀ ಬೆಂಗ್ಟ್ ಎಂದು ಕರೆಯಲು ಕುಮುದಾಳಿಗೆ ನಾಲಿಗೆ ಏಳುತ್ತಿರಲಿಲ್ಲ, ಆದರೆ ಇಲ್ಲಿ ಸರ್ ಎಂದರೆ ಜನ ಹಿಂತಿರುಗಿ ನೋಡುತ್ತಾರೆ. ಮೊದಲ ದಿನ ಒಬ್ಬೊಬ್ಬರೂ ಹೆಸರು ಹೇಳಿ, ತಮಗೇನೂ ಬಾರದು ಎಂದು ನಕ್ಕರು. ಕುಮುದಾಳ ಸರದಿ ಬಂತು. ಬಾಯಿಂದ ಏನು ಬರುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬಂದುಬಿಟ್ಟಿತ್ತು. "ನಾನು ಇಂಡಿಯಾದ ಯೂನಿವರ್ಸಿಟಿಯಲ್ಲಿ ಹಳೆಯ ಇಂಗ್ಲಿಷ್ ಹೇಳಿಕೊಡುತ್ತಿದ್ದೆ." ಒಂದೇ ವಾಕ್ಯದಲ್ಲಿ ಎರಡು ಸುಳ್ಳು. ಕಾಲೇಜು ಯೂನಿವರ್ಸಿಟಿಯಾಯಿತು, ನೋಟ್ಸು ಭಾಷೆಯಾಯಿತು. ಬೆಂಗ್ಟ್ ಮುಖ ಅರಳಿತು. "ಇಷ್ಟು ವರ್ಷ ಒಬ್ಬನೇ ಓದಿಕೊಂಡೆ. ಜೊತೆಗೆ ಓದುವವರು ಈಗ ಸಿಕ್ಕರು" ಎಂದರು. ಅವರ ಹೆಂಡತಿ ಗುನ್‌ವೋರ್ ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ಮೊದಲು ಕುಮುದಾಳ ಮುಂದೆಯೇ ಇಟ್ಟರು. ಅಂದಿನಿಂದ ಅವಳು ಆ ಮೇಜಿಗೆ ಪ್ರೊಫೆಸರ್.

ಪ್ರೊಫೆಸರ್‌ಗಿರಿಯ ಸುಖ ಕೆಲವು ವಾರ ಚೆನ್ನಾಗಿಯೇ ಇತ್ತು. ಜೂಟರು ಎಲ್ಲಿಂದ ಬಂದರು, ವೈಕಿಂಗರು ಯಾವ ತೀರ ಹಿಡಿದರು, ಎಲ್ಲ ನೋಟ್ಸಿನಲ್ಲಿದ್ದದ್ದೇ. ನಡುನಡುವೆ ಊರಿನ ಕಥೆ ಹೇಳಿ ನಗಿಸುತ್ತಿದ್ದಳು. ಅವಳಪ್ಪನ ತಿಥಿಗೆ ಬಂದ ಪುರೋಹಿತರು ಅವಸರದಲ್ಲಿ ಮದುವೆ ಮಂತ್ರ ಶುರುಮಾಡಿ, ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಅದನ್ನೇ ಮುಗಿಸಿ ದಕ್ಷಿಣೆ ಹಿಡಿದು ಹೋದ ಕಥೆ ಅದರಲ್ಲೊಂದು. ಅವಳಮ್ಮನಿಗೆ ಮಾತ್ರ ಗೊತ್ತಾಗಿ, ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದರಂತೆ. ಬೆಂಗ್ಟ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಆದರೆ ಅವರು ಒಂದು ದಿನ ಹಳೆಯ ಇಂಗ್ಲಿಷಿನ ಒಂದು ಪದ್ಯದಿಂದ, ಕಡಲಿನ ಬಗ್ಗೆ ಇದ್ದ ಕೆಲವು ಸಾಲುಗಳ ಪ್ರತಿ ತಂದರು. ಚಳಿಯಲ್ಲಿ ಹುಟ್ಟು ಹಾಕುವ ಒಬ್ಬಂಟಿಯ ಮಾತು ಅದು. ಬೆಂಗ್ಟ್‌ಗೆ ಅದೆಂದರೆ ಪ್ರಾಣ. "ಪ್ರೊಫೆಸರ್ ಓದಲಿ" ಎಂದರು. ಕುಮುದಾ ಕನ್ನಡಕ ಮರೆತಿದ್ದಳು. ಮುಂದಿನ ವಾರ ಗಂಟಲು ಕೆಟ್ಟಿತ್ತು. ಅದರ ಮುಂದಿನ ವಾರ ಮಗಳ ಸ್ಕೂಲ್ ಮೀಟಿಂಗು. ಪುಸ್ತಕದ ಬದನೆಕಾಯಿ ಎಷ್ಟು ದಿನ ಸಾರಿಗೆ ಬಂದೀತು? ಕೊನೆಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಹಳೆಯ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕೇಳಸಿಗುವುದು ಕ್ರೈಸ್ತರ ಪ್ರಾರ್ಥನೆ, ಸ್ವರ್ಗದಲ್ಲಿರುವ ತಂದೆಯನ್ನು ಕರೆಯುವಂಥದ್ದು. ಅದನ್ನು ಕೇಳಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಚಪಾತಿ ಲಟ್ಟಿಸುತ್ತ ಉರು ಹೊಡೆದಳು. ಅಹನಾ ಅಡುಗೆಮನೆಗೆ ಇಣುಕಿ, "ಅಮ್ಮಾ, are you doing puja in Danish?" ಎಂದಳು.

ಮುಂದಿನ ವಾರ, ಕಡಲಿನ ಸಾಲಿಗಿಂತ ಮೊದಲು ಇದಿರಲಿ ಎಂದು ಹೇಳಿ, ಕಣ್ಣು ಮುಚ್ಚಿ ಗಡಗಡನೆ ಒಪ್ಪಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಂಗ್ಟ್ ಮಾತ್ರ ಅವಳನ್ನು ಸ್ವಲ್ಪ ಹೊತ್ತು ನೋಡಿ, "ನಿನ್ನ ಕಿವಿ ಚೆನ್ನಾಗಿದೆ. ಗುರುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ. ಕಾಫಿಗೆ ಬಾ, ಇಬ್ಬರೇ ಕೂತು ಓದೋಣ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುದುಕರು ಪರೀಕ್ಷೆ ಮಾಡಲು ಕರೆಯುತ್ತಿದ್ದಾರೆಂದು ಕುಮುದಾಳಿಗೆ ಖಾತ್ರಿಯಾಯಿತು. ಅವಳು ಹೋಗಲಿಲ್ಲ. ಅವರು ಮತ್ತೆ ಮತ್ತೆ ಕರೆದರು. ಪ್ರತಿ ಸಲವೂ ಅವಳಿಗೊಂದು ನೆಪ ಸಿಗುತ್ತಿತ್ತು.

ವಸಂತದಲ್ಲಿ ಬೆಂಗ್ಟ್ ಎಲ್ಲರನ್ನೂ ಕಾಲುದಾರಿಯ ಬದಿಯ ಒಂದು ರೂನ್ ಕಲ್ಲಿನ ಹತ್ತಿರ ಕರೆದೊಯ್ದರು. ಇಂಗ್ಲೆಂಡಿಗೆ ಹೋಗಿ ಅಲ್ಲೇ ಸತ್ತ ಅಪ್ಪನಿಗಾಗಿ ಮಗ ನಿಲ್ಲಿಸಿದ ಕಲ್ಲು. ಹಾವಿನಂತೆ ಸುತ್ತಿಕೊಂಡ ಅಕ್ಷರಗಳ ಮೇಲೆ ಕೈಯಾಡಿಸುತ್ತ ಅವರು ಹೇಳಿದ್ದು ಕುಮುದಾಳಿಗೆ ಇವತ್ತಿಗೂ ನೆನಪಿದೆ. "ಇಲ್ಲಿಂದ ಹೋದವನ ಮಾತು ಅಲ್ಲಿಯವರಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ಏನಪ್ಪಾ ಅದು ಎಂದು ಕೇಳಿಕೊಂಡರು. ಹಾಗೆ ಕೇಳಿ ಪಡೆದದ್ದೇ ಇವತ್ತು ಇಂಗ್ಲಿಷಿನಲ್ಲಿ ಆಕಾಶಕ್ಕೆ, ಮೊಟ್ಟೆಗೆ, ಕಿಟಕಿಗೆ ಇರುವ ಪದ. ಯಾರೂ ಕೇಳದೇ ಇದ್ದಿದ್ದರೆ ಆ ಭಾಷೆ ಬೆಳೆಯುತ್ತಲೇ ಇರಲಿಲ್ಲ." ಹೇಳುವಾಗ ಅವರು ಕಲ್ಲನ್ನು ಬಿಟ್ಟು ಅವಳನ್ನು ನೋಡುತ್ತಿದ್ದರು. ಕುಮುದಾ ದೊಡ್ಡದಾಗಿ ತಲೆಯಾಡಿಸಿದಳು. ಸ್ಕ್ಯಾಂಡಿನೇವಿಯನ್ ಪ್ರಭಾವ, ಐದು ಅಂಕದ ಪ್ರಶ್ನೆ.

ಸೆಪ್ಟೆಂಬರಿನಲ್ಲಿ ಬೆಂಗ್ಟ್ ಹೃದಯ ನಿಂತು ತೀರಿಕೊಂಡರು. ದೇಹವನ್ನು ಸುಟ್ಟಾಗಿತ್ತು, ಬೂದಿಯ ಕಲಶವನ್ನು ಮಣ್ಣಿಗಿಡುವುದು ಬಾಕಿಯಿತ್ತು. ಅದನ್ನು ನವೆಂಬರಿನ ಮೊದಲ ಶನಿವಾರ, ಈ ದೇಶವೆಲ್ಲ ಸತ್ತವರ ಸಮಾಧಿಗೆ ದೀಪ ಹಚ್ಚುವ ದಿನ, ಇಡುವುದೆಂದಾಯಿತು. ಎರಡು ದಿನ ಮುಂಚೆ ಗುನ್‌ವೋರ್ ಫೋನ್ ಮಾಡಿದರು.

"ಪಾದ್ರಿ ಇರುವುದಿಲ್ಲ. ಬೆಂಗ್ಟ್ ಹುಡುಗನಾಗಿದ್ದಾಗಲೇ ಚರ್ಚ್ ಬಿಟ್ಟವನು. ನನ್ನ ಮೇಲೆ ಪ್ರಾರ್ಥನೆ ಮಾತ್ರ ಹೇಳಿಸಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಅದಕ್ಕೆ ಆ ಕಡಲಿನ ಸಾಲುಗಳನ್ನು ನೀನು ಓದುತ್ತೀಯಾ? ಓದಬಲ್ಲವಳು ನೀನೊಬ್ಬಳೇ."

"ಖಂಡಿತ ಓದುತ್ತೇನೆ" ಎಂದಳು ಕುಮುದಾ.

ಫೋನ್ ಇಟ್ಟವಳೇ ಕಂಪ್ಯೂಟರ್ ತೆರೆದಳು. ಆ ಸಾಲುಗಳನ್ನು ಯಾರಾದರೂ ಓದಿ ಹಾಕಿದ್ದಾರೇನೋ ಎಂದು ಹುಡುಕಿ ಸುಸ್ತಾದಳು; ಪ್ರತಿಯ ಮೇಲೆ ಪದ್ಯದ ಹೆಸರಿರಲಿಲ್ಲ, ಅವಳಿಗೆ ಸಿಗಲಿಲ್ಲ. ಅಹನಾ ಸೋಫಾದ ಮೇಲಿಂದ ಎಲ್ಲ ನೋಡುತ್ತಿದ್ದಳು.

"ಅಯ್ಯೋ ಅಮ್ಮಾ, ಗೊತ್ತಿಲ್ಲ ಅಂತ ಹೇಳ್ಬಿಡು. What's the big deal?"

"ಹೇಗೆ ಹೇಳ್ಲಿ? ಒಂದ್ ವರ್ಷದಿಂದ ಪ್ರೊಫೆಸರ್ ಅಂತ ಕರೀತಿದಾರೆ. ಈಗ ಸತ್ತೋರ ಮನೆಗೆ ಫೋನ್ ಮಾಡಿ, ಇಷ್ಟು ದಿನ ನಾಟಕ ಆಡ್ದೆ ಅನ್ಲಾ?"

"ಈಗ್ಲೂ ನಾಟಕಾನೇ ಆಡ್ತಿರೋದು, ಅಲ್ವಾ?"

"ದೊಡ್ಡೋರ ಹತ್ರ ಮಾತಾಡೋ ರೀತಿನಾ ಅದು? ಎದ್ದು ಹೋಗು" ಎಂದು ಕುಮುದಾ ರೇಗಿದಳು. ಮಗಳು ಎದ್ದು ಹೋದಳು. ಕುಮುದಾ ಹೀಗಿರಬಹುದು, ಹಾಗಿರಬಹುದು ಎಂದು ಊಹಿಸಿ ಒಂದೊಂದು ಪದವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಸಿನಿಮಾಕ್ಕೆ ಹಾಡುವ ಬೇರೆ ಭಾಷೆಯವರು ಹೀಗೆಯೇ ಅಲ್ಲವೇ ಹಾಡುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶನಿವಾರ ಸಂಜೆ ನಾಲ್ಕಕ್ಕೇ ಕತ್ತಲಾಗಿತ್ತು. ಸ್ಮಶಾನದ ತುಂಬ ದೀಪ, ಊರಿಗೆ ಊರೇ ನಮ್ಮ ಕಾರ್ತಿಕ ಮಾಡುತ್ತಿದ್ದಂತಿತ್ತು. ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಒದ್ದೆ ಮೇಲಿನಿಂದ ಬೀಳುತ್ತಿತ್ತು. ಸರ್ಕಲ್ಲಿನವರು, ಹಳೆಯ ವಿದ್ಯಾರ್ಥಿಗಳು ಕೆಲವರು, ಗುನ್‌ವೋರ್, ಎಲ್ಲ ಸುತ್ತ ನಿಂತರು. ಕಲಶ ಮಣ್ಣಿಗೆ ಇಳಿಯಿತು. ಗುನ್‌ವೋರ್ ಅವಳತ್ತ ನೋಡಿ ತಲೆಯಾಡಿಸಿದರು.

ಕುಮುದಾ ಹಾಳೆ ಬಿಡಿಸಿದಳು. ಮೊದಲ ಸಾಲು ಹೇಗೋ ಬಂತು. ಎರಡನೆಯದೂ ಬಂತು. ಮೂರನೆಯದರ ಮೇಲೆ ಹನಿ ಬಿದ್ದು ಶಾಯಿ ಹರಡಿತು, ಕನ್ನಡಕದ ಮೇಲೆ ಹನಿ ಕೂತಿತು. ಒತ್ತು ಯಾವುದು, ದೀರ್ಘ ಯಾವುದು, ಒಂದೂ ಕಾಣಲಿಲ್ಲ. ಎಲ್ಲರೂ ಕಾದರು. ಆಗ ಅವಳು "ಕ್ಷಮಿಸಿ, ನನಗೆ ಬರುವುದಿಲ್ಲ" ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮಾತು ತುಟಿಯವರೆಗೆ ಬಂದಿತ್ತು. ಊರ್ಮಿಳಾ ಮೇಡಂ ಎಲ್ಲಿಂದಲೋ ಬಂದು ಕಿವಿ ಹಿಂಡಿದಂತಾಯಿತು. ಇವರಿಗೇನು ತಿಳಿಯುತ್ತದೆ, ಎಲ್ಲ ಹಳೆಯ ಇಂಗ್ಲಿಷೇ ತಾನೆ ಎಂದುಕೊಂಡಳು. ಕಣ್ಣು ಮುಚ್ಚಿದಳು. ತನಗೆ ಬಾಯಿಪಾಠ ಬರುವ ಒಂದೇ ಒಂದನ್ನು ಶುರುಮಾಡಿದಳು.

ಮೊದಲೆರಡು ಪದ ಹೊರಬೀಳುತ್ತಲೇ ಅವಳಿಗೇ ಕೇಳಿಸಿತು. ಚಪಾತಿ ಲಟ್ಟಿಸುತ್ತ ಬರೀ ಸದ್ದಾಗಿ ಕಲಿತಿದ್ದದ್ದು ಇಲ್ಲಿ, ಈ ಜನರ ನಡುವೆ, ಅರ್ಥವಾಗಿ ಕೇಳಿಸಿತು. ಸ್ವೀಡಿಷಿನಲ್ಲಿ ತಂದೆಯನ್ನು ಕರೆಯುವುದೂ ಹೆಚ್ಚುಕಡಿಮೆ ಹಾಗೆಯೇ. ಅಕ್ಕತಂಗಿ ಭಾಷೆಗಳು ಎಂದು ವರ್ಷವರ್ಷವೂ ಅಂಡರ್‌ಲೈನ್ ಮಾಡಿಸಿದವಳು ಅವಳೇ. ಹಿಂದೆ ನಿಂತಿದ್ದ ಎತ್ತರದ ಮುದುಕನೊಬ್ಬ ಅಭ್ಯಾಸಬಲದಿಂದ ಸ್ವೀಡಿಷಿನಲ್ಲಿ ದನಿಗೂಡಿಸಿದ. ಪಕ್ಕದವರು ತೋಳು ಮುಟ್ಟಿದ ಮೇಲೆ ಸಟ್ಟನೆ ನಿಲ್ಲಿಸಿದ. ಕುಮುದಾಳಿಗೆ ನಿಲ್ಲಿಸಲು ಬರಲಿಲ್ಲ. ಉರು ಹೊಡೆದದ್ದು ಎಲ್ಲೋ ನಡುವೆ ನಿಲ್ಲುವಂಥದ್ದಲ್ಲ, ಕೊನೆ ಮುಟ್ಟಬೇಕು. ಪ್ರಾರ್ಥನೆ ಬೇಡವೆಂದು ಮಾತು ತೆಗೆದುಕೊಂಡು ಸತ್ತವರ ಬೂದಿಯ ಮೇಲೆ ಅವಳು ಪೂರ್ತಿ ಪ್ರಾರ್ಥನೆ ಹೇಳಿ, ಕೊನೆಯ ಆಮೆನ್ ಅನ್ನೂ ಬಿಡದೆ ಹೇಳಿ, ಕಣ್ಣು ತೆರೆದಳು.

ಗುನ್‌ವೋರ್ ನೆಲ ನೋಡುತ್ತಿದ್ದರು. ಅಪ್ಪನ ತಿಥಿಯ ಪುರೋಹಿತರು ಅವಳ ಕಣ್ಣೆದುರು ಬಂದು ನಿಂತರು. ಎಷ್ಟು ಮನೆಗಳಲ್ಲಿ, ಎಷ್ಟು ಊಟದ ಪಂಕ್ತಿಗಳಲ್ಲಿ ಆ ಬಡಪಾಯಿಯನ್ನು ಆಡಿಕೊಂಡು ನಗಿಸಿದ್ದಳು! ಇದೇ ಬೆಂಗ್ಟ್ ಎದುರಿಗೂ ಆಡಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಕಥೆಗಳಲ್ಲಿ ಓದಿದಾಗ ಇದೇನು ಅತಿ ಎಂದುಕೊಂಡವಳಿಗೆ ಅವತ್ತು ಅದು ಅಕ್ಷರಶಃ ಬೇಕಾಗಿತ್ತು.

ಆಮೇಲೆ ಕಾಫಿ ಇತ್ತು. ನಮ್ಮ ಕಡೆಯಾಗಿದ್ದರೆ ಯಾರಾದರೂ ಒಬ್ಬ ದೊಡ್ಡಮ್ಮ ನಾಲ್ಕು ಜನರ ಮುಂದೆ ಝಾಡಿಸಿ, ಇನ್ನೊಬ್ಬರು ಸಮಾಧಾನ ಮಾಡಿ, ಅತ್ತು, ಅಲ್ಲಿಗೆ ಮುಗಿಯುತ್ತಿತ್ತು. ಇವರು ಒಂದು ಮಾತೂ ಆಡಲಿಲ್ಲ. ಥ್ಯಾಂಕ್ಸ್ ಎಂದರು, ಕೇಕಿನ ತಟ್ಟೆ ಮುಂದೆ ಸರಿಸಿದರು, ರಸ್ತೆ ಜಾರುತ್ತದೆ, ಹುಷಾರು ಎಂದರು. ಆ ಮರ್ಯಾದೆಯನ್ನು ಹೊತ್ತುಕೊಂಡು ಕುಮುದಾ ಬಸ್ಸಿನಲ್ಲಿ ಮನೆಗೆ ಬಂದಳು.

"ಬಿಡೇ, ಅಷ್ಟೊಂದ್ ಯಾಕ್ ತಲೆ ಕೆಡಿಸ್ಕೋತೀಯ?" ಎಂದ ರಘುನಾಥ. "Confuse ಆಯ್ತು, sorry ಅಂತ ಒಂದು message ಹಾಕು, ಮುಗೀತು." ಅವಳು ಹಾಕಲಿಲ್ಲ. ಲೈಬ್ರರಿಯ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ತರಕಾರಿಗೆ ಹೋಗತೊಡಗಿದಳು. ಬೆಳ್ಳಿ ಕೂದಲಿನ ಯಾರನ್ನು ಕಂಡರೂ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಅಹನಾ ಆ ವಿಷಯ ಎತ್ತಲೇ ಇಲ್ಲ. ಮಗಳೂ ಇಲ್ಲಿಯವರ ಹಾಗೆ ಮರ್ಯಾದೆಯಿಂದ ಸುಮ್ಮನಿರುವುದನ್ನು ಕಲಿತಿದ್ದಾಳೆಂದು ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಕಡೆಗೊಂದು ಮಧ್ಯಾಹ್ನ ತಡೆಯಲಾರದೆ ಹೋಗಿ ಗುನ್‌ವೋರ್ ಮನೆಯ ಬೆಲ್ ಒತ್ತಿದಳು. ಶೂ ಬಿಚ್ಚುವ ಮೊದಲೇ, ಬಾಗಿಲಲ್ಲೇ, ಹೇಳಿಬಿಟ್ಟಳು.

"ನನಗೆ ಹಳೆಯ ಇಂಗ್ಲಿಷ್ ಬರುವುದಿಲ್ಲ. ಯಾವತ್ತೂ ಬರುತ್ತಿರಲಿಲ್ಲ. ಆ ಪ್ರಾರ್ಥನೆಯೊಂದನ್ನು ಕೇಳಿ ಬಾಯಿಪಾಠ ಮಾಡಿದ್ದೆ."

"ಗೊತ್ತು" ಎಂದರು ಗುನ್‌ವೋರ್. "ಒಳಗೆ ಬಾ, ಚಳಿ."

ಅಡುಗೆಮನೆಯಲ್ಲಿ ಕೂರಿಸಿ ಕಾಫಿಗೆ ನೀರಿಟ್ಟರು. ಬೆನ್ನು ತಿರುಗಿಸಿಕೊಂಡೇ ಮಾತಾಡಿದರು.

"ಬೆಂಗ್ಟ್‌ಗೆ ನೀನು ಸರ್ಕಲ್ಲಿನಲ್ಲಿ ಅದನ್ನು ಒಪ್ಪಿಸಿದ ದಿನವೇ ಗೊತ್ತಾಗಿತ್ತು. ನೀನು ಪದದ ನಡುವೆ ಉಸಿರು ತೆಗೆದುಕೊಂಡೆಯಂತೆ. ಭಾಷೆ ಬಲ್ಲವರು ಪದ ಮುರಿದು ಉಸಿರಾಡುವುದಿಲ್ಲ. ಮನೆಗೆ ಬಂದು ಹೇಳಿದ, ಅವಳಿಗೆ ಬರುವುದಿಲ್ಲ, ಆದರೆ ಕಿವಿ ಎಂಥ ಕಿವಿ, ಒಂದು ಚಳಿಗಾಲ ಸಿಕ್ಕರೆ ಕಲಿಸಿಬಿಡುತ್ತೇನೆ ಅಂತ. ನೀನೇ ಅವಳಿಗೆ ಹೇಳಿಬಿಡು ಎಂದು ಅವನಿಗೆಂದೆ ನಾನು. ಬೇಡ, ನಾಲ್ಕು ಜನರ ಮುಂದೆ ಅವಳ ಮಾನ ಹೋಗುತ್ತದೆ, ಅವಳೇ ಕೇಳಲಿ ಎಂದ. ಅದಕ್ಕೇ ಗುರುವಾರ ಕರೆಯುತ್ತಿದ್ದದ್ದು. ನಾನು ಫೋನ್ ಮಾಡಿ ಓದುತ್ತೀಯಾ ಎಂದು ಕೇಳಿದ್ದೂ ಅದಕ್ಕೇ, ಆಗಲಾದರೂ ಹೇಳುತ್ತೀಯೆಂದು."

ಗುನ್‌ವೋರ್ ಕಪಾಟಿನಿಂದ ಎರಡು ಕಪ್ಪು ತೆಗೆದರು.

"ಗುರುವಾರ ಬಂದರೆ ಈ ಮೇಜಿನ ಮೇಲೆ ಎರಡು ಕಪ್ಪು ಇಟ್ಟುಕೊಂಡು ಕೂರುತ್ತಿದ್ದ. ಸಂಜೆ ನಾನು ಬಂದು ಒಂದನ್ನು ತೊಳೆಯುತ್ತಿದ್ದೆ. ಇನ್ನೊಂದನ್ನು ತೊಳೆಯುವ ಕೆಲಸವೇ ಇರುತ್ತಿರಲಿಲ್ಲ, ಹಾಗೇ ಎತ್ತಿಡುತ್ತಿದ್ದೆ." ಗುನ್‌ವೋರ್ ಈಗ ಅವಳತ್ತ ತಿರುಗಿದರು. "ಪ್ರಾರ್ಥನೆ ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನು ಕೇಳಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ, ನಿಮ್ಮೂರಿನ ಪುರೋಹಿತನ ಕಥೆ ಎಂದು. ನೀನು ಗುರುವಾರ ಬರಲಿಲ್ಲವಲ್ಲ, ಅದಕ್ಕೆ ಸಿಟ್ಟಿದೆ."

ಕುಮುದಾ ಅತ್ತಳು. ಗುನ್‌ವೋರ್ ಸಮಾಧಾನ ಮಾಡಲಿಲ್ಲ, ಎಬ್ಬಿಸಿ ಕಳಿಸಲೂ ಇಲ್ಲ. ಎದುರಿಗೆ ಕೂತು ತಮ್ಮ ಕಾಫಿ ಕುಡಿದರು. ಕಾಫಿ ಮುಗಿದ ಮೇಲೆ ಕುಮುದಾ ಎರಡೂ ಕಪ್ಪನ್ನು ತೊಳೆದು ಒರೆಸಿಟ್ಟಳು.

ಬಾಗಿಲ ಬಳಿ ಗುನ್‌ವೋರ್ ಹೇಳಿದರು, "ಬರುವ ನವೆಂಬರಿಗೆ ಬಾ. ಆ ಸಾಲುಗಳನ್ನು ಸರಿಯಾಗಿ ಓದು. ಅವನಿಗೆ ಸಲ್ಲಬೇಕಾದದ್ದು ಇನ್ನೂ ಸಂದಿಲ್ಲ."

ಕುಮುದಾ ಶೂ ಲೇಸು ಕಟ್ಟುತ್ತಿದ್ದವಳು ಬಗ್ಗಿದಂತೆಯೇ ಕೇಳಿದಳು, "ನನಗೆ ಗೊತ್ತಿಲ್ಲ ಗುನ್‌ವೋರ್. ಯಾರು ಹೇಳಿಕೊಡುತ್ತಾರೆ?"

ತಲೆಯೆತ್ತಿ ನೋಡಿದರೆ ಮುದುಕಿಯ ಗಲ್ಲ ಒದ್ದೆಯಾಗಿತ್ತು.

"ಇಷ್ಟೇ" ಎಂದರು ಗುನ್‌ವೋರ್. "ಇಷ್ಟು ಕೇಳಲಿ ಅಂತಲೇ ಅವನು ಕಾದದ್ದು."

ಬಾಗಿಲು ಮೆಲ್ಲಗೆ ಮುಚ್ಚಿತು. ಕುಮುದಾ ಒಂದು ಲೇಸು ಕಟ್ಟಿ ಇನ್ನೊಂದು ಕಟ್ಟದೆ, ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು.